ರಾತ್ರಿ ಹೊತ್ತು ನಾಯಿಯನ್ನು ಬಿಚ್ಚಿ ಬಿಡಬೇಕೆ?

ರಾಯಚೂರು ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಚಿರತೆ ಕಾಣಿಸಿಕೊಂಡ ಸುದ್ದಿ ಹೊಸದಲ್ಲ. ಮಸ್ಕಿ, ಲಿಂಗಸುಗೂರಿನ ಕುರಿಗಾರರಿಗೆ ತೋಳದ ಭಯ ಹಳೆಯದು. ಸಿಂಧನೂರಿನ ಬತ್ತದ ಗದ್ದೆಗಳಿಗೆ ಕತ್ತಲಾದರೆ ನರಿ, ಕಾಡುಹಂದಿ ಇಳಿಯುತ್ತವೆ. ಇವುಗಳಿಗೆ ಮೊದಲು ಎದುರಾಗುವುದು ಸಾಕುನಾಯಿ. ಅದನ್ನು ರಾತ್ರಿ ಬಿಚ್ಚಿ ಬಿಡಬೇಕೆ, ಕೂಡಿ ಹಾಕಬೇಕೆ?

ಪರ: ಕಾವಲು ನಾಯಿಗೆ ಸರಪಳಿ ಬೇಡ

ದೊಡ್ಡಿಯಲ್ಲಿ ಬದುಕುವವರಿಗೆ ನಾಯಿ ಶೋಕಿಯ ಪ್ರಾಣಿಯಲ್ಲ. ಲಿಂಗಸುಗೂರು ಕಡೆಯ ಎಷ್ಟೋ ದೊಡ್ಡಿಗಳಲ್ಲಿ ಮನೆ ಇರುವುದೇ ಹೊಲದ ನಡುವೆ. ಸುತ್ತ ಕಾಂಪೌಂಡ್ ಇಲ್ಲ. ಕುರಿಗಾರರಿಗಂತೂ ಬೇಸಿಗೆಯ ತಿಂಗಳುಗಳಲ್ಲಿ ಹೊಲವೇ ಮನೆ. ಬೆಳೆ ಕಟಾವಾದ ಮೇಲೆ ರೈತರು ಕುರಿ ತರುಬಿಸಿಕೊಳ್ಳುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಕುರಿಗಾರನಿಗೆ ಕಾಳೋ ರೊಕ್ಕವೋ ಸಿಗುತ್ತದೆ. ಆ ರಾತ್ರಿ ಮಂದೆಗೂ ತೋಳಕ್ಕೂ ನಡುವೆ ಇರುವುದು ನೂಲಿನ ಬಲೆಯೊಂದು, ನಾಯಿ ಎರಡು.

ಇಡೀ ದಿನ ಬಿಸಿಲಲ್ಲಿ ನಡೆದವನಿಗೆ ನಿದ್ದೆ ಹತ್ತುತ್ತದೆ. ನಾಯಿ ಮಲಗಿದ್ದಾಗಲೂ ಅದರ ಕಿವಿ, ಮೂಗು ಎಚ್ಚರವಾಗಿರುತ್ತವೆ. ಗಾಳಿಯಲ್ಲಿ ವಾಸನೆ ಬಂದೊಡನೆ ಎದ್ದು ನಿಲ್ಲುತ್ತದೆ, ಬೆನ್ನಿನ ಕೂದಲು ನಿಮಿರುತ್ತದೆ, ಗಂಟಲಲ್ಲೇ ಗುರುಗುಡುತ್ತದೆ, ಆಮೇಲೆ ಬೊಗಳುತ್ತದೆ. ಮನುಷ್ಯ ಎದ್ದು ಬ್ಯಾಟರಿ ಬಿಟ್ಟರೆ ಬಹಳಷ್ಟು ಸಲ ಪ್ರಾಣಿ ಹಿಂದೆ ಸರಿಯುತ್ತದೆ. ಒಂದು ಮೂಲೆಗೆ ಕಟ್ಟಿದ ನಾಯಿ ಮಂದೆಯ ಇನ್ನೊಂದು ಮಗ್ಗುಲನ್ನು ಹೇಗೆ ಕಾಯಬೇಕು?

ಸರಪಳಿ ನಾಯಿಗೂ ಕೇಡು. ಚಿರತೆ ಸದ್ದಿಲ್ಲದೆ ಬಂದು ನೇರ ಕುತ್ತಿಗೆಗೆ ಬಾಯಿ ಹಾಕುತ್ತದೆ. ಬಿಚ್ಚಿದ ನಾಯಿ ಓಡಬಹುದು, ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ. ಹಿಮಾಲಯದ ಕುರಿಗಾರರು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವುದು ಕುತ್ತಿಗೆಗೆ ಬೀಳುವ ಆ ಬಾಯಿಯಿಂದ ಕಾಪಾಡಲೆಂದೇ.

ಇನ್ನೊಂದು ಮಾತು. ನಾಯಿಯ ಕಾವಲು ಹೋದ ಕಡೆ ವಿಷ ಬರುತ್ತದೆ, ಉರುಳು ಬರುತ್ತದೆ, ಬೇಲಿಗೆ ಕರೆಂಟ್ ಬರುತ್ತದೆ. ಚಿರತೆ, ತೋಳ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಕೊಲ್ಲದೆ ದೂರ ಇಡುವ ಉಪಾಯ ಬಡ ಕುರಿಗಾರನ ಕೈಯಲ್ಲಿ ಇದೊಂದೇ.

ವಿರೋಧ: ಕಾವಲಿನ ಹೆಸರಲ್ಲಿ ನಾಯಿಯನ್ನು ಬಲಿ ಕೊಡಬೇಡಿ

ಚಿರತೆಯ ಮುಂದೆ ಒಂಟಿ ನಾಯಿ ಕಾವಲುಗಾರನಲ್ಲ, ಆಹಾರ. ಮಹಾರಾಷ್ಟ್ರದ ಅಕೋಲೆ ಬಯಲಿನಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಗಳ ಹಿಕ್ಕೆ ಪರೀಕ್ಷಿಸಿ ನೋಡಿದರು. ಅವು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯದೇ ಆಗಿತ್ತು. ಬಿಚ್ಚಿ ಬಿಟ್ಟ ನಾಯಿ ಚಿರತೆಯನ್ನು ದೂರ ಇಡುವುದಕ್ಕಿಂತ ಊರಿನ ಅಂಚಿಗೆ ಕರೆತರುವ ಸಂಭವವೇ ಹೆಚ್ಚು.

ಮುಳ್ಳುಹಂದಿ ಸಿಕ್ಕರೂ ಪಾಡು ಬೇರೆಯಲ್ಲ. ಅದು ಮುಳ್ಳು ಎಸೆಯುವುದಿಲ್ಲ. ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ. ಮೂತಿ ಮುಂದೆ ಮಾಡಿ ಹೋದ ನಾಯಿಯ ತುಟಿ, ನಾಲಿಗೆ, ಎದೆಗೆ ಮುಳ್ಳು ನಾಟುತ್ತವೆ. ಕಾಲಿನಿಂದ ಕೆರೆದುಕೊಂಡಷ್ಟೂ ಮುರಿದು ಒಳಗೇ ಉಳಿದು ಕೀವಾಗುತ್ತವೆ. ಅನ್ನ ನುಂಗಲಾರದ ಆ ಬಾಯಿ ನೋಡಿದವರು ಮತ್ತೆ ನಾಯಿಯನ್ನು ಕತ್ತಲಿಗೆ ಬಿಡಲಾರರು.

ಇದು ನಾಯಿಗಷ್ಟೇ ಮುಗಿಯುವುದಿಲ್ಲ. ರೇಬಿಸ್ ಹಿಡಿದ ನರಿಯೋ ತೋಳವೋ ಕಚ್ಚಿದರೆ ಆ ರೋಗ ನಾಯಿಯ ಮೂಲಕ ಮನೆಯ ಮಗುವಿಗೆ ಬರಬಹುದು. ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆಂದರೂ ಸರಿ. ನಾಯಿಯ ರೋಗ ಕಾಡಿಗೂ ಹೋಗುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ನಾಯಿಗಳಲ್ಲಿ ಹಬ್ಬುವ ಡಿಸ್ಟೆಂಪರ್ ವೈರಾಣು ಅವುಗಳಲ್ಲಿ ಪತ್ತೆಯಾಯಿತು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಜೀವಿಧಾಮ ಆಗಿದೆ. ತೋಳಗಳಿಗೆ ಅಪಾಯ ರೋಗದ್ದಷ್ಟೇ ಅಲ್ಲ; ಪುಣೆಯ ಹುಲ್ಲುಗಾವಲಿನಲ್ಲಿ ತೋಳ, ನಾಯಿ ಕೂಡಿ ಬೆರಕೆ ಮರಿಗಳಾದದ್ದು ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಊರ ನಾಯಿಗಳು ರಾತ್ರಿಯಿಡೀ ಅಡವಿ ಸುತ್ತಿದರೆ ಇಲ್ಲಿಯೂ ಆ ಅಪಾಯ ತಪ್ಪಿದ್ದಲ್ಲ.

ಕುರಿಗಾರನ ಕಷ್ಟ ಸುಳ್ಳಲ್ಲ. ಅವನ ನಾಯಿಗಳು ಒಂದಕ್ಕಿಂತ ಹೆಚ್ಚಿರಲಿ, ಮಂದೆಯ ಪಕ್ಕದಲ್ಲೇ ಇರಲಿ, ಕೊರಳಿಗೆ ಮುಳ್ಳುಪಟ್ಟಿ ಇರಲಿ. ಆದರೆ ಊರಲ್ಲಿ, ತೋಟದ ಮನೆಯಲ್ಲಿ ನಾಯಿ ಸಾಕಿದವರಿಗೆ ಈ ಒತ್ತಡವಿಲ್ಲ. ಅಂಗಳದಲ್ಲಿ ಸರಪಳಿ ಹಾಕುವುದು ತಪ್ಪು, ನಿಜ. ಅದಕ್ಕೆ ಉತ್ತರ ಬಿಚ್ಚಿ ಬಿಡುವುದಲ್ಲ. ಮೇಲೆ ಚಾವಣಿ, ಸುತ್ತ ಗಟ್ಟಿ ಜಾಲರಿ ಇರುವ ಗೂಡು. ಒಳಗಿದ್ದ ನಾಯಿಯೂ ಬೊಗಳುತ್ತದೆ, ಮನೆಯವರನ್ನು ಎಬ್ಬಿಸುತ್ತದೆ. ಕಾವಲಿಗೆ ಅಷ್ಟು ಸಾಕು.

ನಾಯಿ ಬೊಗಳಿತೆಂದು ಒಬ್ಬರೇ ಕತ್ತಲಿಗೆ ನುಗ್ಗಬೇಡಿ. ಸತ್ತ ಕೋಳಿ, ಮಾಂಸದ ಕಸ ಮನೆ ಹಿಂದೆ ಎಸೆಯಬೇಡಿ. ಚಿರತೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ವರ್ಷಕ್ಕೊಮ್ಮೆ ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿ. ಕಾಡುಪ್ರಾಣಿ ಕಚ್ಚಿದರೆ ಲಸಿಕೆ ಆಗಿದ್ದರೂ ನಾಯಿಯನ್ನು ಮತ್ತೆ ವೈದ್ಯರಿಗೆ ತೋರಿಸಿ. ನಮ್ಮನ್ನು ನಂಬಿ ಬಾಗಿಲಲ್ಲಿ ಮಲಗುವ ಜೀವವನ್ನು ಕಾಯುವುದು ನಮ್ಮ ಹೊಣೆ.