ಮಕ್ಕಳ ಮನಸ್ಸಿನ ಆರೋಗ್ಯ: ಉತ್ತರ ಬೆಂಗಳೂರಿನ ಪೋಷಕರು ಒಟ್ಟಾಗಬೇಕು

ಯಲಹಂಕದ ಒಂದು ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿ ತಿಂಗಳಿಂದ ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ರಾತ್ರಿ ನಿದ್ದೆಯಿಲ್ಲ, ಬೆಳಗಾದರೆ ಹೊಟ್ಟೆನೋವು. ಮಕ್ಕಳ ವೈದ್ಯರು ಪರೀಕ್ಷಿಸಿ ದೇಹದಲ್ಲಿ ಯಾವ ತೊಂದರೆಯೂ ಇಲ್ಲ ಎಂದು ಕಳಿಸಿದ್ದಾರೆ. ಅಲ್ಲಿಂದ ಮುಂದೆ ಅಪ್ಪ ಅಮ್ಮನಿಗೆ ದಾರಿ ಕಾಣುವುದಿಲ್ಲ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಶಾಲೆಯವರು ಹಾಜರಾತಿ ಕಡಿಮೆಯಾಯಿತು ಎನ್ನುತ್ತಾರೆ, ನೆಂಟರು ‘ಮುದ್ದು ಜಾಸ್ತಿಯಾಯ್ತು’ ಎಂದು ತೀರ್ಪು ಕೊಡುತ್ತಾರೆ. ಕೊನೆಗೆ ಯಾರೋ ನಿಮ್ಹಾನ್ಸ್‌ಗೆ ಹೋಗಿ ಎನ್ನುತ್ತಾರೆ. ಅದು ಇರುವುದು ಹೊಸೂರು ರಸ್ತೆಯಲ್ಲಿ, ಯಲಹಂಕದಿಂದ 20 ಕಿಲೋಮೀಟರಿಗೂ ಹೆಚ್ಚು ದೂರ. ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆ ದಾಟಿ, ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ, ಸರದಿಯಲ್ಲಿ ಕಾದು ಮನೆಗೆ ಮರಳುವಷ್ಟರಲ್ಲಿ ಒಂದು ದಿನದ ಕೂಲಿ ಹೋಗಿರುತ್ತದೆ. ಮಗುವಿನ ಮನಸ್ಸಿನ ಚಿಕಿತ್ಸೆ ಒಂದು ಭೇಟಿಗೆ ಮುಗಿಯುವಂಥದ್ದಲ್ಲ. ಎರಡನೆಯ ಸಲ, ಮೂರನೆಯ ಸಲ ಹೋಗಲಾಗದೆ ಕೈಚೆಲ್ಲುವ ಮನೆಗಳಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯೆಂದು ಯಾರೂ ಹೇಳಲಾರರು.

ಇಂಥ ಮನೆಗಳು ಅಪರೂಪವಲ್ಲ. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಬೆಂಗಳೂರಿನ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಅಧ್ಯಯನ ಮಾಡಿ 2005ರಲ್ಲಿ ವರದಿ ಪ್ರಕಟಿಸಿದರು. ಹದಿನಾರು ವರ್ಷದೊಳಗಿನ ಮಕ್ಕಳಲ್ಲಿ ಶೇ 12.5ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಾಲ್ಕರಿಂದ ಹದಿನಾರರ ವಯಸ್ಸಿನವರಲ್ಲಿ ಶೇ 5.3ರಷ್ಟು ಮಕ್ಕಳಿಗೆ ದಿನನಿತ್ಯದ ಬದುಕೇ ಕಷ್ಟವಾಗುವಷ್ಟು ತೊಂದರೆ. ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಖ್ಯೆ: ತಮ್ಮ ಮಗುವಿಗೆ ಸಮಸ್ಯೆಯಿದೆ ಎಂದು ಗುರುತಿಸಿದ ಕುಟುಂಬಗಳು ಶೇ 37.5 ಮಾತ್ರ. ಇಪ್ಪತ್ತು ವರ್ಷ ಹಳೆಯ ಅಧ್ಯಯನ ಇದು. ಆಮೇಲೆ ಬಂದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯೋಮಾನದವರಲ್ಲಿ ಶೇ 7.3 ಎಂದಿತು. ಯಾವ ಲೆಕ್ಕ ಹಿಡಿದರೂ ಒಂದು ಸಾಮಾನ್ಯ ತರಗತಿಯಲ್ಲಿ ಕಡಿಮೆಯೆಂದರೆ ಇಬ್ಬರು ಮೂವರು ಮಕ್ಕಳು.

ಕಾನೂನು ಈ ಮಕ್ಕಳ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್, ಸರ್ಕಾರ ಕೊಡಲೇಬೇಕಾದ ಸೇವೆಗಳ ಪಟ್ಟಿಯಲ್ಲಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಹೆಸರಿಟ್ಟು ಸೇರಿಸಿದೆ. ಮಕ್ಕಳೂ ಸೇರಿದಂತೆ ಯಾರೂ ಚಿಕಿತ್ಸೆಗಾಗಿ ದೂರ ಪ್ರಯಾಣ ಮಾಡುವಂತಾಗಬಾರದು, ಸೇವೆ ಮನೆಯ ಹತ್ತಿರವೇ ಸಿಗಬೇಕು ಎನ್ನುತ್ತದೆ. ಸೇವೆಯ ರೀತಿ ರೋಗಿಗೆ ಮಾತ್ರವಲ್ಲ, ಕುಟುಂಬದವರಿಗೂ ಆರೈಕೆ ಮಾಡುವವರಿಗೂ ಒಪ್ಪಿಗೆಯಾಗುವಂತಿರಬೇಕು ಎಂಬ ಮಾತೂ ಅದರಲ್ಲಿದೆ. ಆದರೆ ಕಾಯ್ದೆ ಸೇವೆಯ ಲಭ್ಯತೆಯನ್ನು ಅಳೆಯುವುದು ಜಿಲ್ಲೆಯ ಲೆಕ್ಕದಲ್ಲಿ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲೇ 96 ಲಕ್ಷ ಜನರಿದ್ದರು. ಆ ಜಿಲ್ಲೆಯಲ್ಲಿ ನಿಮ್ಹಾನ್ಸ್ ಇದೆ; ಹಾಗಾಗಿ ಕಾಗದದ ಮೇಲೆ ಯಲಹಂಕದ ಮಗುವಿಗೂ ಆರ್‌.ಟಿ. ನಗರದ ಮಗುವಿಗೂ ಸೇವೆ ‘ಲಭ್ಯ’. ದೇಶದ ಅತ್ಯುತ್ತಮ ಸಂಸ್ಥೆ ಊರಲ್ಲೇ ಇರುವುದು ಉತ್ತರ ಬೆಂಗಳೂರಿನ ಕೊರತೆಯನ್ನು ಮರೆಮಾಡಿದೆ. ಹೆಬ್ಬಾಳದ ಆಚೀಚೆ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ ನಿಜ. ಪ್ರತಿ ವಾರ ಅಲ್ಲಿಯ ಸಮಾಲೋಚನೆಯ ಶುಲ್ಕ ತೆರುವುದು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಯಶವಂತಪುರದ ತಾಯಿಗೆ ಸಾಧ್ಯವಿಲ್ಲ.

ಈ ಅಂತರವನ್ನು ಎತ್ತಿ ಹೇಳಬೇಕಾದವರು ಪೋಷಕರು. ಅವರೇಕೆ ಸಂಘಟಿತರಾಗಿಲ್ಲ?

ಕರ್ನಾಟಕದ ಪೋಷಕರಿಗೆ ಸಂಘಟನೆ ಗೊತ್ತಿಲ್ಲ ಎನ್ನುವಂತಿಲ್ಲ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ತಂದೆ ತಾಯಂದಿರು ಇಲ್ಲಿ ದಶಕಗಳಿಂದ ಸಂಘ ಕಟ್ಟಿಕೊಂಡಿದ್ದಾರೆ. ಇಂಥ ಸಂಘಗಳನ್ನು ದೇಶದ ಮಟ್ಟದಲ್ಲಿ ಒಂದುಗೂಡಿಸಿದ ಒಕ್ಕೂಟ ‘ಪರಿವಾರ್’ 1995ರಲ್ಲಿ ಹುಟ್ಟಿತು. ‘ನಮ್ಮ ನಂತರ ಈ ಮಗುವಿಗೆ ಯಾರು ದಿಕ್ಕು?’ ಎಂಬ ಒಂದೇ ಪ್ರಶ್ನೆಯನ್ನು ಆ ಪೋಷಕರು ದೆಹಲಿಯವರೆಗೆ ಒಯ್ದರು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹಿಂದೆ, ಅದರ ಪಾಲಕತ್ವದ ವ್ಯವಸ್ಥೆಯ ಹಿಂದೆ ಅವರ ಒತ್ತಾಯವಿದೆ. ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆ ಬಂದದ್ದೂ ಆ ಕಾಯ್ದೆಯಡಿ ರಚನೆಯಾದ ನ್ಯಾಸದ ಮೂಲಕವೇ. ಇನ್ನೊಂದು ಕಡೆ, ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇರುವವರ ಕುಟುಂಬಗಳಿಗಾಗಿ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಅಮೆಂಡ್’ ಎಂಬ ಸಂಘ ಬಂತು. ಅದನ್ನು ಕಟ್ಟುವಲ್ಲಿ ಮುಂದೆ ನಿಂತ ನಿರ್ಮಲಾ ಶ್ರೀನಿವಾಸನ್ ಆಮೇಲೆ ನೀತಿಯ ಮಟ್ಟದಲ್ಲಿ ದನಿ ಎತ್ತಲು ‘ಆಕ್ಮಿ’ ಎಂಬ ಸಂಸ್ಥೆಯನ್ನು ಆರಂಭಿಸಿದರು.

ಈ ಎರಡರ ನಡುವೆ ಬಿಟ್ಟುಹೋದವರು ಆತಂಕ, ಖಿನ್ನತೆ, ಅತಿಚಟುವಟಿಕೆ, ತನಗೆ ತಾನೇ ಗಾಯ ಮಾಡಿಕೊಳ್ಳುವ ತುಡಿತ ಇರುವ ಮಕ್ಕಳು. 1999ರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇವೆ. ಮಾನಸಿಕ ಅಸ್ವಸ್ಥತೆ ಇಲ್ಲ. ಯಾರ ಪೋಷಕರು ಗುಂಪಾಗಿ ಹೋಗಿ ಬಾಗಿಲು ತಟ್ಟಿದರೋ ಅವರ ಮಕ್ಕಳ ಹೆಸರು ಕಾಯ್ದೆಗೆ ಬಂತು.

ಆತಂಕ, ಖಿನ್ನತೆಯಂಥ ತೊಂದರೆ ಇರುವ ಮಕ್ಕಳ ಪೋಷಕರು ಗುಂಪಾಗದಿರಲು ನಾಚಿಕೆಯೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಶಾಲೆ ಟಿ.ಸಿ. ಕೊಟ್ಟುಬಿಟ್ಟರೆ, ನಾಳೆ ಮದುವೆಯ ಮಾತು ಬಂದಾಗ ಯಾರಾದರೂ ಕೆದಕಿದರೆ ಎಂಬ ಭಯ ಖಂಡಿತ ಇದೆ. ಆದರೆ ನನ್ನ ಪ್ರಕಾರ ಇನ್ನೂ ಆಳದ ಕಾರಣ ಈ ತೊಂದರೆಗಳ ಸ್ವಭಾವದಲ್ಲೇ ಇದೆ. ಬೌದ್ಧಿಕ ಅಂಗವೈಕಲ್ಯ ಜೀವನಪೂರ್ತಿ ಜೊತೆಗಿರುತ್ತದೆ. ಆ ತಂದೆ ತಾಯಿ ಐವತ್ತರಲ್ಲೂ ಎಪ್ಪತ್ತರಲ್ಲೂ ಸಂಘದ ಸಭೆಗೆ ಬರುತ್ತಾರೆ. ಮಗುವಿನ ಆತಂಕವೋ ಖಿನ್ನತೆಯೋ ಹಾಗಲ್ಲ. ಸರಿಯಾದ ನೆರವು ಸಿಕ್ಕರೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಂಡ ಕೂಡಲೇ ಆ ಮನೆಯವರು ಆ ವರ್ಷವನ್ನು ಮರೆಯಲು ಬಯಸುತ್ತಾರೆ, ಆಗ ನೆರವಾದವರ ಫೋನ್ ನಂಬರನ್ನೂ ಅಳಿಸಿಬಿಡುತ್ತಾರೆ. ಕಷ್ಟದ ನಡುವೆ ಇರುವವರಿಗೆ ಸಂಘಟಿಸಲು ಪುರುಸೊತ್ತಿಲ್ಲ, ದಾಟಿ ಬಂದವರಿಗೆ ಮನಸ್ಸಿಲ್ಲ. ಹೀಗಾಗಿ ಪ್ರತಿ ಕುಟುಂಬವೂ ಮೊದಲಿನಿಂದ ದಾರಿ ಹುಡುಕಬೇಕಾಗಿದೆ: ಯಾವ ಡಾಕ್ಟರು, ಯಾವ ವಾರ, ಯಾವ ಕಾಗದ, ಶಾಲೆಗೆ ಏನೆಂದು ಬರೆದುಕೊಡಬೇಕು.

ಅಮೆರಿಕದಲ್ಲೂ ಮೊದಲು ಹೀಗೆಯೇ ಇತ್ತು. 1982ರಲ್ಲಿ ಸಂಶೋಧಕಿ ಜೇನ್ ನಿಟ್ಜರ್, ತೀವ್ರ ಮಾನಸಿಕ ತೊಂದರೆಯಿದ್ದ ಮಕ್ಕಳಲ್ಲಿ ಮೂರನೇ ಎರಡು ಭಾಗಕ್ಕೆ ಬೇಕಾದ ಸೇವೆಯೇ ಸಿಗುತ್ತಿಲ್ಲ ಎಂದು ವರದಿ ಬರೆದರು. ಎರಡು ವರ್ಷದಲ್ಲಿ ಒಕ್ಕೂಟ ಸರ್ಕಾರ ಮಕ್ಕಳಿಗಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿತು, 1989ರಲ್ಲಿ ಕುಟುಂಬಗಳದ್ದೇ ರಾಷ್ಟ್ರೀಯ ಒಕ್ಕೂಟ ಬಂತು, 1992ರಲ್ಲಿ ಸಮುದಾಯ ಸೇವೆಗೆ ಹಣ ಒದಗಿಸುವ ಕಾನೂನಾಯಿತು. ತಜ್ಞರ ವರದಿಯನ್ನು ಕುಟುಂಬಗಳು ಹೆಗಲಿಗೆ ಹಾಕಿಕೊಂಡು ನಡೆದದ್ದರಿಂದ ಅದು ಕಪಾಟು ಸೇರಲಿಲ್ಲ. ನಮ್ಮಲ್ಲೂ ತಜ್ಞರು ಹಿಂದೆ ಬಿದ್ದವರಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಿಂದ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಕೆಲಸವನ್ನು ಮಕ್ಕಳ ಕಡೆಗೆ ತಿರುಗಿಸಿ ಎಂದು ಕೇಳುವ ಕುಟುಂಬಗಳ ಬಲ ಮಾತ್ರ ಅದರ ಹಿಂದೆ ಬೆಳೆಯಲಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕೇ ಬೇಕು. ಪೋಷಕರ ಹೋರಾಟವೆಂದರೆ ವೇದಿಕೆ ಹತ್ತಿ ಮಗುವಿನ ಕಥೆ ಹೇಳುವುದಲ್ಲ. ಹದಿಮೂರನೇ ವಯಸ್ಸಿನ ಕಷ್ಟ ಆ ಮಗುವಿನದು. ಅದನ್ನು ಹೇಳಬೇಕೋ ಬೇಡವೋ ಎಂದು ಮುಂದೊಂದು ದಿನ ಅದೇ ನಿರ್ಧರಿಸಬೇಕು. ಚಿಕಿತ್ಸೆಯ ವಿವರಗಳ ಗೋಪ್ಯತೆ 2017ರ ಕಾಯ್ದೆ ಕೊಟ್ಟ ಹಕ್ಕೂ ಹೌದು. ಒಮ್ಮೆ ಮೊಬೈಲ್‌ಗಳಲ್ಲಿ ಹರಿದಾಡಿದ ವಿಡಿಯೊವನ್ನು ಯಾವ ಅಪ್ಪನೂ ಹಿಂದಕ್ಕೆ ತರಲಾರ. ಪೋಷಕರು ಹೇಳಬೇಕಾದದ್ದು ಸೇವೆಯ ಕಥೆ: ಎಷ್ಟು ದೂರ ಹೋದೆವು, ಎಷ್ಟು ವಾರ ಕಾದೆವು, ಯಾವ ಶಾಲೆಯಲ್ಲಿ ಆಪ್ತಸಮಾಲೋಚಕರಿಲ್ಲ, ಯಾವ ಆಸ್ಪತ್ರೆಯಲ್ಲಿ ಹುದ್ದೆ ಖಾಲಿ. ಮಗುವಿನ ಹೆಸರಿಲ್ಲದೆ ಇಷ್ಟನ್ನೂ ದಾಖಲಿಸಬಹುದು. ಅಧಿಕಾರಿಗಳು ಕಣ್ಣೀರಿಗಿಂತ ಇಂಥ ಪಟ್ಟಿಗೆ ಬೇಗ ಉತ್ತರ ಕೊಡಬೇಕಾಗುತ್ತದೆ.

ಉತ್ತರ ಬೆಂಗಳೂರಿನಲ್ಲಿ ಇದು ಯಾರಿಂದ ಶುರುವಾಗಬಹುದು? ಹೊಸ ಸಂಘದ ಬೋರ್ಡು ಹಾಕುವ ಮೊದಲು ಇರುವ ಕೊಂಡಿಗಳನ್ನು ನೋಡೋಣ. ಪ್ರತಿ ಸರ್ಕಾರಿ ಶಾಲೆಯಲ್ಲೂ ಪೋಷಕರೇ ಬಹುಸಂಖ್ಯೆಯಲ್ಲಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಅದರ ಸಭೆಯಲ್ಲಿ ಶೌಚಾಲಯ, ಬಿಸಿಯೂಟದಷ್ಟೇ ಸಹಜವಾಗಿ ಮಕ್ಕಳ ಮನಸ್ಸಿನ ವಿಷಯವೂ ಬರಬೇಕು. ಮನೆ ಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. ಗಾರ್ಮೆಂಟ್ಸ್ ಕಾರ್ಮಿಕರ ಸಂಘಗಳಿವೆ. ಯಲಹಂಕ ಉಪನಗರ, ಸಹಕಾರನಗರದ ನಿವಾಸಿಗಳ ಸಂಘಗಳಲ್ಲಿ ಅರ್ಜಿ ಬರೆಯಲು, ಮಾಹಿತಿ ಹಕ್ಕಿನಲ್ಲಿ ಪ್ರಶ್ನೆ ಕೇಳಲು ಬಲ್ಲ ನಿವೃತ್ತ ನೌಕರರಿದ್ದಾರೆ. ಅಪಾರ್ಟ್‌ಮೆಂಟಿನ ಪೋಷಕರು ದುಡ್ಡು ಕೊಟ್ಟು ಖಾಸಗಿ ದಾರಿ ಹಿಡಿದು ಸುಮ್ಮನಾದರೆ, ವಠಾರದ ಪೋಷಕರು ಸರ್ಕಾರಿ ಸರದಿಯಲ್ಲಿ ಒಂಟಿಯಾಗಿ ನಿಂತರೆ, ಇಬ್ಬರ ದನಿಯೂ ಯಾರಿಗೂ ಕೇಳುವುದಿಲ್ಲ. ಆರ್‌.ಟಿ. ನಗರದಂಥ ಕಡೆ ಸಭೆ ಕನ್ನಡದ ಜೊತೆಗೆ ಉರ್ದು, ತಮಿಳಿನಲ್ಲೂ ನಡೆಯಬೇಕು. ಶಿಕ್ಷಕರನ್ನು ಎದುರಾಳಿಗಳಂತೆ ಕಾಣದೆ ಜೊತೆಗೆ ಕರೆದುಕೊಳ್ಳಬೇಕು. ತರಗತಿಯ ಮೂಲೆಯಲ್ಲಿ ಮೌನವಾದ ಮಗುವನ್ನು ಮನೆಯವರಿಗಿಂತ ಮೊದಲು ಗಮನಿಸುವವರು ಹಲವು ಸಲ ಅವರೇ.

ಕೇಳಬೇಕಾದದ್ದೂ ಅಸ್ಪಷ್ಟವಾಗಿರಬಾರದು. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಕೊಟ್ಟ ತೀರ್ಪಿನಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನಾದರೂ ನೇಮಿಸಬೇಕೆಂದಿದೆ. ನಮ್ಮ ಶಾಲೆಯಲ್ಲಿ ಅವರು ಯಾರು ಎಂದು ಪೋಷಕರು ಲಿಖಿತವಾಗಿ ಕೇಳಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿ ಹತ್ತು ವರ್ಷಕ್ಕೂ ಹಳೆಯದು. ಅದೇ ರೀತಿ ಮಕ್ಕಳಿಗೆಂದೇ ವಾರದ ಒಂದು ನಿಗದಿತ ದಿನ ಯಲಹಂಕದ ಸರ್ಕಾರಿ ಆಸ್ಪತ್ರೆಯಲ್ಲಿ, ಯಶವಂತಪುರದ ಸಮೀಪ ಇನ್ನೊಂದು ಕಡೆ ಬೇಕು. ವಾರ್ಡುಗಳ ‘ನಮ್ಮ ಕ್ಲಿನಿಕ್’ನ ವೈದ್ಯರಿಗೆ ಮಕ್ಕಳಲ್ಲಿ ಖಿನ್ನತೆ ಗುರುತಿಸುವ ತರಬೇತಿ ಬೇಕು. ಕ್ಯಾಲಸನಹಳ್ಳಿಯಲ್ಲಿ ಬರಲಿರುವ ನಿಮ್ಹಾನ್ಸ್‌ನ ಉತ್ತರ ಆವರಣ ಸದ್ಯ ಸುದ್ದಿಯಲ್ಲಿರುವುದು ಅಪಘಾತದ ಗಾಯಾಳುಗಳ ಪಾಲಿಟ್ರಾಮಾ ಕೇಂದ್ರಕ್ಕಾಗಿ. ಅಲ್ಲಿ ಮಕ್ಕಳ ಮನೋವೈದ್ಯಕೀಯದ ಹೊರರೋಗಿ ವಿಭಾಗಕ್ಕೂ ಜಾಗ ಬೇಕೆಂದು ಈಗಲೇ ಕೇಳಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಜಾಗವಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮಕ್ಕಳ ಮನೋವೈದ್ಯರೇ ಸಾಕಷ್ಟು ಇಲ್ಲ ಎಂದು ಸರ್ಕಾರ ಹೇಳುತ್ತದೆ. ಮಾತು ನಿಜ. ಆದರೆ ಹೆಚ್ಚಿನ ಮಕ್ಕಳಿಗೆ ಮೊದಲು ಬೇಕಾಗಿರುವುದು ತರಬೇತಿ ಪಡೆದ ಆಪ್ತಸಮಾಲೋಚಕರು, ಮನೋಸಾಮಾಜಿಕ ಕಾರ್ಯಕರ್ತರು, ಮಗುವಿನ ಮಾತು ಕೇಳಬಲ್ಲ ಶಿಕ್ಷಕರು. ವಿಶೇಷ ತಜ್ಞರು ತೀವ್ರ ತೊಂದರೆಯವರಿಗೆ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಕೆಲಸವನ್ನು ನಿಮ್ಹಾನ್ಸ್ ವರ್ಷಗಳಿಂದ ಮಾಡುತ್ತಲೇ ಇದೆ. ಕೊರತೆ ಇರುವುದು ನೇಮಕಾತಿಯಲ್ಲಿ, ಬಜೆಟ್ಟಿನಲ್ಲಿ.

ಪೋಷಕರಿಗೆ 2017ರ ಕಾಯ್ದೆಯೇ ತೆರೆದಿಟ್ಟ ಇನ್ನೊಂದು ಬಾಗಿಲಿದೆ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಆರೈಕೆದಾರರ ಪ್ರತಿನಿಧಿಗಳಿಗೆ ಎರಡು ಸ್ಥಾನಗಳಿವೆ. ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗಳಿಗೂ ಅವರನ್ನು ನೇಮಿಸಬಹುದು. ಅಲ್ಲಿ ಒಬ್ಬರಾದರೂ ಮಗುವಿನ ಪೋಷಕರಾಗಿರಬೇಕೆಂಬ ಬೇಡಿಕೆಗೆ ಹೊಸ ಕಾನೂನು ಬೇಕಿಲ್ಲ, ಖರ್ಚೂ ಇಲ್ಲ. ಇನ್ನು ನಗರಾಡಳಿತದ ಮಟ್ಟದಲ್ಲಿ, ಬೆಂಗಳೂರು ಐದು ಪಾಲಿಕೆಗಳಾಗಿ, ಉತ್ತರಕ್ಕೆ ತನ್ನದೇ ಪಾಲಿಕೆ ಬಂದಿದೆ. ವಾರ್ಡಿಗೆ ಮತ ಕೇಳಲು ಬರುವವರ ಕೈಗೆ ರಸ್ತೆಗುಂಡಿಯ ಅರ್ಜಿಯ ಜೊತೆ ಈ ಬೇಡಿಕೆಗಳ ಪಟ್ಟಿಯನ್ನೂ ಕೊಡಿ.

ಮಗುವಿನ ಕಷ್ಟದ ವರ್ಷವನ್ನು ದಾಟಿ ಬಂದ ತಾಯಿ ತಂದೆಯರಲ್ಲಿ ಒಂದು ವಿಶೇಷ ಕೋರಿಕೆ. ನಿಮ್ಮ ಮಗು ಈಗ ಶಾಲೆಗೆ ಹೋಗುತ್ತಿದೆ, ನಗುತ್ತಿದೆ. ಅದು ಹಾಗೇ ಇರಲಿ. ಮಗುವಿನ ವಿಷಯ ಯಾರಿಗೂ ಹೇಳಬೇಡಿ. ಆದರೆ ಇನ್ನೊಂದು ವರ್ಷ ಪೋಷಕರ ಗುಂಪಿನ ಜೊತೆ ಉಳಿಯಿರಿ, ಹೊಸದಾಗಿ ಬಂದವರ ಫೋನ್ ಎತ್ತಿ, ಅವರ ಜೊತೆ ಒಮ್ಮೆ ಆಸ್ಪತ್ರೆಗೆ ಹೋಗಿ ಬನ್ನಿ. ಇವತ್ತು ರಾತ್ರಿಯೇ ಯಾರ ಜೊತೆಗಾದರೂ ಮಾತಾಡಬೇಕೆನಿಸುವ ಪೋಷಕರಿಗೆ, ಮಕ್ಕಳಿಗೆ ಟೆಲಿ ಮಾನಸ್ ಇದೆ. ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ, ಸಂಖ್ಯೆ 14416.