ಅಕ್ಕಡಿಯ ಸಾಲು

ವಿಜಯಪುರ ಜಿಲ್ಲೆಯ ಎರೆಭೂಮಿಯ ರೈತನು ಹಿಂಗಾರಿ ಜೋಳವನ್ನು ಬಿತ್ತುವಾಗ ನಡುನಡುವೆ ಕುಸುಬೆಯ ಸಾಲುಗಳನ್ನೂ ಹಾಕುವುದುಂಟು. ಇದಕ್ಕೆ ಅಕ್ಕಡಿ ಎಂದು ಹೆಸರು. ಜೋಳ ಸೋತ ವರ್ಷ ಕುಸುಬೆ ಅಷ್ಟಿಷ್ಟು ಕೈಹಿಡಿಯುತ್ತದೆ. ಅದರ ಮುಳ್ಳು ದನಗಳನ್ನೂ ದೂರವಿಡುತ್ತದೆ. ಆದರೆ ಹೊಲವನ್ನೆಲ್ಲ ಅಕ್ಕಡಿಗೇ ಬಿಟ್ಟುಕೊಡುವ ರೈತನುಂಟೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಪ್ರವಾಸೋದ್ಯಮವೂ ಇಂಥ ಅಕ್ಕಡಿಯಾಗಿರುವುದೇ ಲೇಸು.

ಬಸವನ ಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳವೆಂದು ನಾಡಿಗೆಲ್ಲ ಪರಿಚಿತ. ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದು, ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಅಣೆಕಟ್ಟು 2005ರಲ್ಲಿ ಪೂರ್ಣವಾಯಿತು. ಅದರ ಮಗ್ಗುಲಿನ ಶಿಲೋದ್ಯಾನ, ಮೊಘಲ್ ಉದ್ಯಾನ, ಸಂಗೀತ ಕಾರಂಜಿಗಳನ್ನು ನೋಡಿದ ಯಾತ್ರಿಕರು ಹೊಳೆ ದಾಟಿ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮಕ್ಕೆ ಹೋಗುತ್ತಾರೆ. ಮಳೆ ತಪ್ಪಿದ ವರ್ಷವೂ ಅವರ ಬರವು ನಿಲ್ಲುವುದಿಲ್ಲ. ಖಾನಾವಳಿಯ ಒಲೆ ಉರಿಯುತ್ತದೆ. ಆದರೆ 2020ರಲ್ಲಿ ಕೋವಿಡ್ ಬಂದಾಗ ದಾರಿಗಳೆಲ್ಲ ಬರಿದಾದವು. ಆ ತಿಂಗಳುಗಳಲ್ಲಿ ಊರನ್ನು ಉಳಿಸಿದ್ದು ಹೊಲದ ಜೋಳವೇ ಹೊರತು ಉದ್ಯಾನದ ಟಿಕೆಟ್ಟಲ್ಲ.

ನೀರಿನ ಮಾತೂ ಇದೆ. ಬಯಲುಸೀಮೆಯ ಬೇಸಗೆಯಲ್ಲಿ ಹುಲ್ಲುಹಾಸು ದಿನವೂ ನೀರು ಬೇಡುತ್ತದೆ. ಬೇವು, ಹುಣಿಸೆಗಳು ಒಮ್ಮೆ ಬೇರೂರಿದರೆ ಬೇಡುವುದಿಲ್ಲ. ಮೇಲಾಗಿ ನೆರಳನ್ನೂ ಕೊಡುತ್ತವೆ. ಚಳಿಗಾಲದಲ್ಲಿ ಹಿನ್ನೀರಿಗೆ ವಲಸೆ ಹಕ್ಕಿಗಳು ಬರುತ್ತವೆ. ನೀರಿಳಿದಾಗ ತೆರೆದುಕೊಳ್ಳುವ ಕೆಸರುದಂಡೆಯೇ ಅವುಗಳ ಊಟದ ಎಡೆ. ಅಲ್ಲಿ ಯಂತ್ರದೋಣಿಗಳು ಅಬ್ಬರಿಸಿದರೆ ಹಕ್ಕಿಗಳೂ ಉಳಿಯವು, ಅವನ್ನು ನೋಡಬರುವವರೂ ಉಳಿಯರು.

ಜನರೆಲ್ಲ ಕೃಷ್ಣೆಯ ದಂಡೆಗೇ ಬಂದರೆ ಭೀಮೆಯ ಕಡೆಯ ಇಂಡಿ, ಸಿಂದಗಿಗಳಿಗೆ ದೊರೆಯುವುದೇನು? ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಯಾತ್ರಿಕರು ಬಾಟಲಿಯ ಬಣ್ಣದ ನೀರನ್ನು ಕುಡಿದು ಪ್ಲಾಸ್ಟಿಕನ್ನು ದಂಡೆಯ ಮೇಲೆ ಎಸೆದು ಹೋಗುವ ಬದಲು, ಆ ನಿಂಬೆಯ ಪಾನಕವನ್ನು ಲೋಟದಲ್ಲಿ ಕುಡಿಯುವಂತಾಗಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿಗಳು ಸಿಂದಗಿ, ಮುದ್ದೇಬಿಹಾಳಗಳ ಹೊಲಗಳಿಂದಲೇ ಬರಲಿ. ಹೊಸ ಕಟ್ಟಡಗಳಿಗಾಗಿ ಎರೆಹೊಲ ಕೊಳ್ಳುವುದಕ್ಕಿಂತ ಇದು ಅಗ್ಗ.

ಇನ್ನು, ಹಿನ್ನೀರಿನಲ್ಲಿ ಹೊಲಮನೆಗಳನ್ನು ಕಳೆದುಕೊಂಡ ಕುಟುಂಬಗಳಿವೆ. ಅವರ ಊರುಗಳ ಮೇಲೆ ನಿಂತ ನೀರನ್ನು ನೋಡಲೆಂದೇ ಅಲ್ಲವೇ ಇಷ್ಟು ಜನ ಬರುವುದು? ಅಂಗಡಿಯ ಪರವಾನಗಿಯಾಗಲಿ, ಉದ್ಯಾನದ ಕೆಲಸವಾಗಲಿ ಮೊದಲು ಸಲ್ಲಬೇಕಾದುದು ಪುನರ್ವಸತಿ ಕೇಂದ್ರಗಳಲ್ಲಿರುವ ಆ ಕುಟುಂಬಗಳ ಮಕ್ಕಳಿಗೆ.