ಲೊಕೇಶನ್ "ಆಫ್ರಿಕಾ" ಅಂತ ಹಾಕೋರಿಗೆ

ಭಾಗ 1/6

ಹಂಪಿಗೆ ಹೋದಾಗ ಲೊಕೇಶನ್ "ಏಷ್ಯಾ" ಅಂತ ಹಾಕ್ತೀರಾ? ಇಲ್ಲ ತಾನೇ. ಹಾಗಾದ್ರೆ ನೈರೋಬಿಯಲ್ಲಿ ತೆಗೆದ ಫೋಟೊಗೆ "ಆಫ್ರಿಕಾ" ಅಂತ ಯಾಕೆ? ಅದು 54 ದೇಶಗಳಿರೋ ಖಂಡ. ನೈರೋಬಿ ಕೀನ್ಯಾದ ರಾಜಧಾನಿ, 2019ರ ಜನಗಣತಿ ಪ್ರಕಾರ ಸುಮಾರು 44 ಲಕ್ಷ ಜನ ಇರೋ ಊರು. ಊರಿಗೆ ಹೆಸರಿದೆ. ಬಳಸಿ.

ಈ ರಜೆಯಲ್ಲಿ ಎರಡು ವಾರ ಕೀನ್ಯಾದ ಒಂದು ವಾಲಂಟಿಯರ್ ಪ್ರೋಗ್ರಾಂನಲ್ಲಿದ್ದೆ. ಹೇಗಿತ್ತು ಅಂತ ತುಂಬಾ ಜನ ಡಿಎಂ ಮಾಡಿದ್ದೀರಿ. ಮುಂದಿನ ಬ್ಯಾಚ್‌ಗೆ ಹೆಸರು ಕೊಡೋಣ ಅಂತಿರೋರೂ ಇದ್ದೀರಿ. ಅದಕ್ಕೇ ಈ ಸರಣಿ. ನನ್ನ ಮಾತು ಇಷ್ಟೇ: ಹೋಗಿ, ಊರು ನೋಡಿ, ಜನರ ಜೊತೆ ಮಾತಾಡಿ. ಆದ್ರೆ ಸೇವೆ ಅನ್ನೋ ಹೆಸರಲ್ಲಿ ಇನ್ನೊಬ್ಬರ ಬಡತನ ದುಡ್ಡು ಕೊಟ್ಟು ನೋಡಿ ಬರಬೇಡಿ.

ಭಾಗ 2/6

ಶನಿವಾರ ರಜೆ. ವ್ಯಾನ್‌ನಲ್ಲಿ ನೈರೋಬಿಗೆ ಒಂದು ದಿನದ ಟ್ರಿಪ್. ಏಜೆನ್ಸಿಯವರ ಪ್ಲಾನ್ ಏನು ಗೊತ್ತಾ? ಬೆಳಿಗ್ಗೆ ಕಿಬೆರಾದಲ್ಲಿ "ಸ್ಲಂ ವಾಕ್", ಮಧ್ಯಾಹ್ನ ಮಾಲ್‌ನಲ್ಲಿ ಊಟ, ಸಂಜೆ ಶಾಪಿಂಗ್. ಬಡತನ ನೋಡಿ ಹೊಟ್ಟೆ ಹಸಿದ ಮೇಲೆ ಪಿಜ್ಜಾ!

ಕಿಬೆರಾದಲ್ಲಿ 10 ಲಕ್ಷ ಜನ ಇದ್ದಾರೆ ಅಂತ ವ್ಯಾನ್‌ನಲ್ಲಿ ಹೇಳಿದ್ರು. 2009ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು ಸುಮಾರು 1 ಲಕ್ಷ 70 ಸಾವಿರ. ಎಣಿಸೋರು ಒಂದಿಷ್ಟು ಜನರನ್ನ ಬಿಟ್ಟಿದ್ದಾರೆ ಅಂತಲೇ ಇಟ್ಕೊಳ್ಳಿ, ಆದ್ರೂ ಇಷ್ಟು ವ್ಯತ್ಯಾಸನಾ? ಸಂಖ್ಯೆ ದೊಡ್ಡದಾದಷ್ಟೂ ದೇಣಿಗೆ ಎತ್ತೋದು ಸುಲಭ, ಟೂರ್ ಮಾರೋದೂ ಸುಲಭ.

ಅಲ್ಲಿ ಕಷ್ಟ ಇಲ್ಲ ಅಂತಲ್ಲ. ನೀರು, ಶೌಚಾಲಯ, ಇರೋ ಜಾಗದ ಮೇಲೆ ಹಕ್ಕು, ಎಲ್ಲಕ್ಕೂ ಜನ ಒದ್ದಾಡ್ತಾರೆ. ಆದ್ರೆ ಒಂದು ಕ್ಷಣ ಯೋಚಿಸಿ. ನಿಮ್ಮ ಅಮ್ಮ ಬಾಗಿಲ ಹತ್ರ ಕೂತು ಪಾತ್ರೆ ತೊಳೀತಿದ್ದಾರೆ. ಹದಿನಾಲ್ಕು ಜನ ಬಂದು, ಒಂದು ಮಾತೂ ಕೇಳದೆ ಕ್ಯಾಮೆರಾ ಹಿಡಿದು, "ಎಷ್ಟು ಕಮ್ಮಿ ಇದ್ರೂ ಎಷ್ಟು ಖುಷಿ" ಅಂತ ಕ್ಯಾಪ್ಷನ್ ಹಾಕ್ತಾರೆ. ನಿಮಗೆ ಹೇಗಾಗುತ್ತೆ?

ಭಾಗ 3/6

ನಾನೂ ಇನ್ನೊಬ್ಬ ಗೆಳತಿಯೂ ವಾಕ್‌ಗೆ ಹೋಗದೆ ರೈಲ್ವೆ ಮ್ಯೂಸಿಯಂಗೆ ಹೋದ್ವಿ. ನೈರೋಬಿ ಶುರುವಾಗಿದ್ದೇ 1899ರಲ್ಲಿ, ರೈಲ್ವೆ ಕ್ಯಾಂಪ್ ಆಗಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ಆ ಹಳಿ ಹಾಕೋಕೆ ಬ್ರಿಟಿಷರು ಭಾರತದಿಂದ ಕರ್ಕೊಂಡು ಹೋಗಿದ್ದು ಸುಮಾರು 32,000 ಕೂಲಿಗಳನ್ನ. ಅವರಲ್ಲಿ ಸುಮಾರು 2,500 ಜನ ಅಲ್ಲೇ ಸತ್ತರು. ನಮ್ಮವರು ಅಲ್ಲಿಗೆ ಉದ್ಧಾರ ಮಾಡೋಕೆ ಹೋದವರಲ್ಲ, ಹೊಟ್ಟೆಪಾಡಿಗೆ ಹೋದವರು.

ಸ್ವಾಹಿಲಿಯಲ್ಲಿ ಅಂಗಡಿಗೆ "ದುಕಾ", ವಿಮೆಗೆ "ಬಿಮಾ", ಒಂದು ಲಕ್ಷಕ್ಕೆ "ಲಾಕಿ". ಬಿಕಾಂ ಓದೋರಿಗೆ ಇದಕ್ಕಿಂತ ಹತ್ತಿರದ ಭಾಷೆ ಬೇಕಾ? ಕೀನ್ಯಾದಲ್ಲಿ ಎಂ-ಪೆಸಾ ಶುರುವಾಗಿದ್ದು 2007ರಲ್ಲಿ, ಬಟನ್ ಫೋನ್‌ನಲ್ಲೂ ದುಡ್ಡು ಕಳಿಸಬಹುದಿತ್ತು. ನಮ್ಮ ಯುಪಿಐ ಬಂದಿದ್ದು 2016ರಲ್ಲಿ. ಡಿಜಿಟಲ್ ಪೇಮೆಂಟ್ ಬಗ್ಗೆ ಅವರಿಗೆ ಪಾಠ ಮಾಡೋಕೆ ಹೋಗ್ತೀವಲ್ಲ ನಾವು!

ಊರ ಮಧ್ಯೆ ಉಹುರು ಪಾರ್ಕ್ ಇದೆ. 1989ರಲ್ಲಿ ಅಲ್ಲಿ 60 ಮಹಡಿ ಕಟ್ಟಡ ಕಟ್ಟೋಕೆ ಹೊರಟಾಗ ಎದುರು ನಿಂತು ತಡೆದವರು ವಾಂಗಾರಿ ಮಾಥಾಯ್. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇನ್ನೊಂದು ಹೆಸರು ನೆನಪಿಟ್ಕೊಳ್ಳಿ: ಪಿಯೊ ಗಾಮಾ ಪಿಂಟೊ. ಗೋವಾ ಮೂಲದ ಮನೆತನ, ಹುಟ್ಟಿದ್ದು ನೈರೋಬಿಯಲ್ಲಿ, ಓದಿದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲೂ. ಕೀನ್ಯಾ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಬಂಧನದಲ್ಲಿದ್ದರು. 1965ರ ಫೆಬ್ರವರಿಯಲ್ಲಿ ನೈರೋಬಿಯಲ್ಲೇ ಗುಂಡಿಟ್ಟು ಕೊಂದರು. ಧಾರವಾಡದಲ್ಲಿ ಓದಿದ ಹುಡುಗ ಆ ದೇಶಕ್ಕೆ ಪ್ರಾಣ ಕೊಟ್ಟಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಊರಲ್ಲಿ ನೋಡೋಕೆ ಇಷ್ಟಿದೆ. ಪ್ಲಾನ್‌ನಲ್ಲಿ ಇದ್ಯಾವುದೂ ಇರಲಿಲ್ಲ.

ಭಾಗ 4/6

ಈಗ ಲೆಕ್ಕಕ್ಕೆ ಬರೋಣ. ನಮ್ಮ ಬ್ಯಾಚ್‌ಗೆ ಕೊಟ್ಟ ಕೆಲಸ ಶಾಲೆಯ ಗೋಡೆಗೆ ಬಣ್ಣ ಬಳಿಯೋದು. ಹಳದಿ ಬಣ್ಣ ಕೆರೆದ್ರೆ ಕೆಳಗೆ ನೀಲಿ, ನೀಲಿ ಕೆಳಗೆ ಹಸಿರು. ಬ್ಯಾಚ್‌ಗೊಂದು ಬಣ್ಣ! ಗೋಡೆಗೆ ಬಣ್ಣ ಬೇಕಾಗಿರಲಿಲ್ಲ. ನಮಗೆ ಕೆಲಸ ಬೇಕಾಗಿತ್ತು, ಅಷ್ಟೇ.

ಅಲ್ಲಿ ಇಂಥ ಕೆಲಸ ಕಲಿತವರನ್ನ "ಫುಂಡಿ" ಅಂತಾರೆ. ಒಬ್ಬ ಫುಂಡಿಗೆ ಕೂಲಿ ಕೊಟ್ಟಿದ್ರೆ ಎರಡೇ ದಿನದಲ್ಲಿ, ನಮಗಿಂತ ಚೆನ್ನಾಗಿ ಮುಗಿಸ್ತಿದ್ದ. ಆ ದುಡ್ಡಲ್ಲಿ ಅವನ ಮನೆ ನಡೀತಿತ್ತು. ನಾವು ದುಡ್ಡು ಕೊಟ್ಟು ಅವನ ಕೆಲಸ ಕಿತ್ಕೊಂಡಂತಾಯ್ತು. ನಮ್ಮ ಫೀಸ್‌ನಲ್ಲಿ ಶಾಲೆಗೆ ಹೋಗಿದ್ದೆಷ್ಟು ಅಂತ ಏಜೆನ್ಸಿಯವರನ್ನ ಮೂರು ಸಲ ಕೇಳಿದೆ. ಮೂರು ಸಲವೂ ಸಿಕ್ಕಿದ್ದು ನಗು ಮಾತ್ರ. ಒಂದು ಬ್ಯಾಲೆನ್ಸ್ ಶೀಟ್ ತೋರಿಸೋಕೆ ಆಗದಿದ್ರೆ ಅದನ್ನ ಸೇವೆ ಅಂತ ಯಾಕೆ ಕರೀಬೇಕು? ವ್ಯಾಪಾರ ಅನ್ನಿ.

ಭಾಗ 5/6

ಗೋಡೆ ಹಾಳಾದ್ರೆ ಮತ್ತೆ ಬಳಿಯಬಹುದು. ಮಕ್ಕಳ ವಿಷಯ ಹಾಗಲ್ಲ.

ಡಿಮ್ಯಾಂಡ್ ಇದ್ದಲ್ಲಿ ಸಪ್ಲೈ ಹುಟ್ಟುತ್ತೆ ಅಂತ ಪಿಯುನಲ್ಲೇ ಓದಿದ್ದೀವಿ. "ಅನಾಥಾಶ್ರಮ"ದಲ್ಲಿ ಮಕ್ಕಳನ್ನ ಎತ್ತಿ ಆಡಿಸೋಕೆ ವಿದೇಶಿಯರು ದುಡ್ಡು ಕೊಡ್ತಾರೆ ಅಂದ್ರೆ ಏನಾಗುತ್ತೆ? ಆಶ್ರಮ ತುಂಬಿಸೋಕೆ ಮಕ್ಕಳು ಬೇಕಾಗ್ತಾರೆ. ಓದಿಸ್ತೀವಿ, ಊಟ ಹಾಕ್ತೀವಿ ಅಂತ ಹೇಳಿ ಬಡ ಅಪ್ಪ ಅಮ್ಮನ ಹತ್ರ ಇರೋ ಮಕ್ಕಳನ್ನೇ ಕರ್ಕೊಂಡು ಬರ್ತಾರೆ. ಜಗತ್ತಿನ ಎಷ್ಟೋ ಕಡೆ ಹೀಗೇ ಆಗಿದೆ. ಇಂಥ ಸಂಸ್ಥೆಗಳಲ್ಲಿರೋ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಒಬ್ಬರಾದ್ರೂ ಬದುಕಿದ್ದಾರೆ. ಕೀನ್ಯಾ ಸರ್ಕಾರ 2017ರಲ್ಲಿ ಹೊಸ ಮಕ್ಕಳ ಸಂಸ್ಥೆಗಳ ನೋಂದಣಿಯನ್ನೇ ನಿಲ್ಲಿಸಿತು. ಅವರಿಗೇ ಬೇಡವಾದದ್ದನ್ನ ನಾವು ಪ್ಯಾಕೇಜ್‌ನಲ್ಲಿ ಕೊಂಡ್ಕೊಳ್ತಿದ್ದೀವಿ.

ಎರಡು ವಾರ ಎತ್ತಿ ಮುದ್ದಾಡ್ತೀರಿ, ಆಮೇಲೆ ಹೊರಟು ಬರ್ತೀರಿ. ಮುಂದಿನ ತಿಂಗಳು ಇನ್ನೊಬ್ಬರು ಬರ್ತಾರೆ, ಅವರೂ ಹೋಗ್ತಾರೆ. ಮಗು ಪ್ರತಿ ಸಲ ಹೊಸಬರನ್ನ ನಂಬಬೇಕು, ಪ್ರತಿ ಸಲ ಕಳ್ಕೊಳ್ಳಬೇಕು. ನಿಮಗದು ರೀಲ್. ಮಗುವಿಗೆ ಅದೇ ಬಾಲ್ಯ.

ಭಾಗ 6/6

"ಒಳ್ಳೆ ಮನಸ್ಸಿಂದ ಹೋಗೋರನ್ನ ಯಾಕೆ ಬೈತೀಯಾ?" ಅಂತ ಕೇಳೋರಿಗೆ: ಮನಸ್ಸಿನ ಬಗ್ಗೆ ನನಗೆ ತಕರಾರಿಲ್ಲ. ಆದ್ರೆ ಒಳ್ಳೆ ಮನಸ್ಸಿದೆ ಅಂತ ಡಾಕ್ಟರ್ ಓದದವರ ಕೈಲಿ ಆಪರೇಷನ್ ಮಾಡಿಸ್ಕೊಳ್ತೀರಾ? ಇಲ್ಲಿ ನಮಗೆ ಯಾರೂ ಕೊಡದ ಕೆಲಸವನ್ನ ಅಲ್ಲಿ ಮಾಡೋಕೆ ನಾವ್ಯಾರು?

ಸಹಾಯ ಮಾಡೋ ಮನಸ್ಸಿದ್ರೆ ಮೊದಲು ಪಕ್ಕದ ಬೆಂಚ್ ನೋಡಿ. 2016ರ ಜನವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿತು, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ, ಬಣ್ಣ ಒಂದೇ ಅಂತ. ಇವತ್ತಿಗೂ ಆಫ್ರಿಕಾದ ದೇಶಗಳಿಂದ ಓದೋಕೆ ಬಂದವರಿಗೆ ಬಾಡಿಗೆ ಮನೆ ಕೇಳಿದ್ರೆ "ಇಲ್ಲ" ಅಂತೀವಿ. ಕ್ಯಾಂಟೀನ್‌ನಲ್ಲಿ ಅವರ ಟೇಬಲ್ ಬಿಟ್ಟು ಕೂರ್ತೀವಿ. ನೈರೋಬಿಯಲ್ಲಿ ಅಪ್ಪಿಕೊಂಡು ಫೋಟೊ, ಇಲ್ಲಿ ಮುಖ ತಿರುಗಿಸೋದು. ಇದ್ಯಾವ ಸೇವೆ?

ಹೆಸರು ಕೊಡೋ ಮುಂಚೆ ಮೂರು ಪ್ರಶ್ನೆ ಕೇಳಿ. ದುಡ್ಡು ಎಲ್ಲಿಗೆ ಹೋಗುತ್ತೆ? ಈ ಕೆಲಸ ಅಲ್ಲಿನವರೇ ಮಾಡಬಹುದಲ್ವಾ? ಮಕ್ಕಳ ಹತ್ರ ಬಿಡೋ ಮುಂಚೆ ನಮ್ಮ ಬಗ್ಗೆ ಏನಾದ್ರೂ ವಿಚಾರಿಸ್ತಾರಾ? ಉತ್ತರ ಸಿಗದಿದ್ರೆ ಅದೇ ದುಡ್ಡಲ್ಲಿ ಪ್ರವಾಸಿಯಾಗಿ ಹೋಗಿ. ಅಲ್ಲಿನ ಹೋಟೆಲ್‌ನಲ್ಲಿ ಊಟ ಮಾಡಿ, ಅಲ್ಲಿನ ಗೈಡ್‌ಗೆ ದುಡ್ಡು ಕೊಡಿ. ಪ್ರವಾಸಿಯಾಗೋದು ಅವಮಾನ ಅಲ್ಲ.

ಮತ್ತೆ, ನಿಮ್ಮ ಪ್ರೊಫೈಲ್‌ನಲ್ಲಿ ಹೆಸರೂ ಗೊತ್ತಿಲ್ಲದ ಮಗುವಿನ ಫೋಟೊ ಇದ್ರೆ ಇವತ್ತೇ ತೆಗೀರಿ. ಒಪ್ಪದವರು ಕಾಮೆಂಟ್‌ಗೆ ಬನ್ನಿ. ಜಗಳ ಆಡೋಣ.

#ನೈರೋಬಿ #ಕೀನ್ಯಾ #ಸೇವೆಯೋಟೂರೋ